ಕುತ್ತಿಗೆಯ ನರ ಒತ್ತಿಕೊಂಡರೆ: ಮಾತ್ರೆ, ಫಿಸಿಯೋ, ಸೂಜಿ, ಆಪರೇಷನ್ – ಯಾರಿಗೆ ಯಾವುದು?

ತಲೆ ಮೇಲೆ ಕೈ ಹೊತ್ತು ಕೂತವರನ್ನು ಕಂಡರೆ ನಮ್ಮಲ್ಲಿ ‘ಏನಾಯ್ತಪ್ಪಾ, ಮನೆ ಮುಳುಗಿತಾ?’ ಅಂತ ಕೇಳುತ್ತಾರೆ. ಎರಡು ವರ್ಷದ ಹಿಂದೆ ನಾನು ಸ್ಟಾಫ್ ರೂಮಿನಲ್ಲಿ ದಿನಾ ಹಾಗೇ ಕೂರುತ್ತಿದ್ದೆ. ಮನೆಯೇನೂ ಮುಳುಗಿರಲಿಲ್ಲ. ಬಲಗೈಯನ್ನು ನೆತ್ತಿ ಮೇಲೆ ಇಟ್ಟುಕೊಂಡಾಗ ಮಾತ್ರ ಸೆಳೆತ ಕಡಿಮೆಯಾಗುತ್ತಿತ್ತು, ಅಷ್ಟೇ. ಕೈ ಇಳಿಸಿದರೆ ಮುಗಿಯಿತು. ಬೆನ್ನಿನ ರೆಕ್ಕೆ ಮೂಳೆಯ ಪಕ್ಕದಿಂದ ರಟ್ಟೆಯ ಹಿಂಭಾಗಕ್ಕೆ, ಅಲ್ಲಿಂದ ನಡುಬೆರಳಿನ ತುದಿಗೆ, ಕರೆಂಟ್ ಹೊಡೆದ ಹಾಗೆ. ಡಾಕ್ಟರ್ ರೂಮಿಗೂ ಹಾಗೇ ಕೈ ಹೊತ್ತುಕೊಂಡು ಹೋದೆ. ಅವರು ನಕ್ಕು, ‘ಅರ್ಧ ಕಾಯಿಲೆ ನೀವೇ ಹೇಳಿಬಿಟ್ರಿ’ ಅಂದರು. ಕೈ ಮೇಲೆತ್ತಿದಾಗ ನರದ ಎಳೆತ ಸಡಿಲವಾಗುತ್ತದೆ. ಕುತ್ತಿಗೆಯಲ್ಲಿ ನರ ಒತ್ತಿಕೊಂಡ ಎಷ್ಟೋ ಜನ ಯಾರೂ ಹೇಳಿಕೊಡದೆಯೇ ಈ ಭಂಗಿ ಕಂಡುಕೊಂಡಿರುತ್ತಾರಂತೆ.

ಅವತ್ತಿನಿಂದ ಶಾಲೆಯಲ್ಲಾಗಲಿ ನೆಂಟರಲ್ಲಾಗಲಿ ಯಾರಿಗೆ ಕುತ್ತಿಗೆ ಹಿಡಿದರೂ ಎಂಆರ್‌ಐ ರಿಪೋರ್ಟಿನ ಫೋಟೋ ನನ್ನ ಫೋನಿಗೆ ಬರುತ್ತದೆ. ‘ಒಬ್ರು ಆಪರೇಷನ್ ಅಂತಾರೆ, ಇನ್ನೊಬ್ರು ಬೇಡ್ವೇ ಬೇಡ ಅಂತಾರೆ, ನಮ್ಮತ್ತೆ ಎಣ್ಣೆ ಹಾಕಿಸ್ಕೋ ಅಂತಾರೆ. ಏನ್ ಮಾಡ್ಲಿ ಸರ್?’ ನಾನು ಗಣಿತದ ಮೇಷ್ಟ್ರು, ಡಾಕ್ಟರಲ್ಲ. ಆದರೆ ಎರಡೂ ದಾರಿಯನ್ನು ಹತ್ತಿರದಿಂದ ನೋಡಿದ್ದೇನೆ. ನನ್ನದು ಆಪರೇಷನ್ ಇಲ್ಲದೆ ಇಳಿಯಿತು. ಸಿರ್ಸಿ ಕಡೆ ಅಡಿಕೆ ತೋಟ ಮಾಡಿಕೊಂಡಿರುವ ನಮ್ಮ ಭಾವನಿಗೆ ಆಪರೇಷನ್ನೇ ಬೇಕಾಯಿತು. ಇಬ್ಬರೂ ಮಾಡಿದ್ದು ಸರಿಯೇ. ಒಬ್ಬರದನ್ನು ನೋಡಿ ಇನ್ನೊಬ್ಬರು ಮಾಡಿದ್ದರೆ ಮಾತ್ರ ತಪ್ಪಾಗುತ್ತಿತ್ತು.

ಒಳಗೆ ಆಗಿರುವುದೇನು

ಕುತ್ತಿಗೆಯಲ್ಲಿ 7 ಮೂಳೆ, 8 ಜೊತೆ ನರ. ಕೆಳಗಿನ ನರಗಳು ಮೂಳೆಗಳ ನಡುವಿನ ಸಣ್ಣ ಕಿಂಡಿಯಿಂದ ಹೊರಬಂದು ಕೈಗೆ ಇಳಿಯುತ್ತವೆ. ವಯಸ್ಸು ಕಡಿಮೆ ಇದ್ದರೆ ಸಾಮಾನ್ಯವಾಗಿ ಡಿಸ್ಕಿನ, ಅಂದರೆ ಎರಡು ಮೂಳೆಗಳ ನಡುವಿನ ಮೆತ್ತೆಯ, ಒಳಗಿನ ಮೆತ್ತನೆಯ ಭಾಗ ಉಬ್ಬಿ ಆ ಕಿಂಡಿಗೆ ನುಗ್ಗಿರುತ್ತದೆ. ಐವತ್ತು ದಾಟಿದವರಲ್ಲಿ ಸವೆತದಿಂದ ಮೂಳೆ ಬೆಳೆದು ಕಿಂಡಿಯೇ ಚಿಕ್ಕದಾಗಿರುತ್ತದೆ. ರಿಪೋರ್ಟಿನಲ್ಲಿ ‘ಸ್ಪಾಂಡಿಲೋಸಿಸ್’ ಅಂತ ಬರೆದಿರುವುದು ಇದನ್ನೇ.

ಕುತ್ತಿಗೆಯ ನರಗಳನ್ನು ಮೇಲಿನಿಂದ ಕೆಳಕ್ಕೆ ಸಿ1, ಸಿ2 ಅಂತ ಸಿ8ರವರೆಗೆ ಎಣಿಸುತ್ತಾರೆ. ಯಾವ ನರ ಅನ್ನುವುದನ್ನು ಬೆರಳೇ ಹೇಳುತ್ತದೆ. ಹೆಬ್ಬೆರಳು, ತೋರುಬೆರಳು ಜೋಮು ಹಿಡಿದರೆ ಹೆಚ್ಚಾಗಿ ಸಿ6. ನಡುಬೆರಳಾದರೆ ಸಿ7, ಎಲ್ಲಕ್ಕಿಂತ ಜಾಸ್ತಿ ಸಿಕ್ಕಿಬೀಳುವುದು ಇದೇ. ಕಿರುಬೆರಳಿನ ಕಡೆಯಾದರೆ ಸಿ8. ಬೆರಳಿಗೆ ಏನೂ ಇಲ್ಲದೆ ಭುಜದ ಮೇಲೆ ಮಾತ್ರ ನೋವಿದ್ದು, ತಲೆ ಬಾಚಲು ಕೈ ಏಳದಿದ್ದರೆ ಸಿ5 ಇರಬಹುದು, ಭುಜದ ಕೀಲಿನದೇ ತೊಂದರೆಯೂ ಇರಬಹುದು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡರೂ ಮೊದಲ ಮೂರು ಬೆರಳು ಜೋಮು ಹಿಡಿಯುತ್ತವೆ. ಹಾಗಾಗಿ ಯಾರಾದರೂ ಒಮ್ಮೆ ಮುಟ್ಟಿ, ಬಗ್ಗಿಸಿ, ಸುತ್ತಿಗೆಯಲ್ಲಿ ತಟ್ಟಿ ನೋಡಲೇಬೇಕು. ಎಡಗೈ ನೋವಿನ ಜೊತೆ ಎದೆ ಬಿಗಿತ, ಬೆವರು ಇದ್ದರೆ ಕುತ್ತಿಗೆಯ ವಿಚಾರ ಬಿಟ್ಟು ಮೊದಲು ಇಸಿಜಿ.

ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. ನೋವು ಬರುವುದು ಒತ್ತಡ ಒಂದರಿಂದಲೇ ಅಲ್ಲ. ಡಿಸ್ಕಿನಿಂದ ಹೊರಬಂದ ವಸ್ತು ನರದ ಸುತ್ತ ಉರಿಯೂತ ಎಬ್ಬಿಸುತ್ತದೆ. ಉರಿಯೂತ ಇಳಿದರೆ ಡಿಸ್ಕ್ ಅಲ್ಲೇ ಇದ್ದರೂ ನೋವು ಇಳಿಯುತ್ತದೆ. ಹೊರಬಂದ ಚೂರನ್ನು ದೇಹವೇ ನಿಧಾನವಾಗಿ ಕರಗಿಸಿಕೊಳ್ಳುವುದೂ ಉಂಟು. ಕಾಯಬಹುದು ಅನ್ನುವ ಮಾತಿಗೆ ಆಧಾರ ಇದು.

ಅಮೆರಿಕದ ಮಿನ್ನೆಸೋಟಾ ರಾಜ್ಯದ ರಾಚೆಸ್ಟರ್ ಊರಿನಲ್ಲಿ 1976ರಿಂದ 1990ರವರೆಗೆ ಈ ತೊಂದರೆ ಬಂದ 561 ಜನರ ದಾಖಲೆಗಳನ್ನು ಕಲೆಹಾಕಿದ್ದರು. ಸುಮಾರು ಕಾಲು ಭಾಗ ಜನರಿಗೆ ಆಪರೇಷನ್ ಆಗಿತ್ತು. ಕೊನೆಯ ಬಾರಿ ನೋಡಿದಾಗ ನೂರಕ್ಕೆ 90 ಜನ ತೊಂದರೆಯೇ ಇಲ್ಲದೆ, ಇಲ್ಲವೇ ಅಲ್ಪಸ್ವಲ್ಪ ತೊಂದರೆಯಲ್ಲಿ ಇದ್ದರು. ಮೂರರಲ್ಲಿ ಒಬ್ಬರಿಗೆ ನೋವು ಮರುಕಳಿಸಿತ್ತು ಅನ್ನುವುದನ್ನೂ ಹೇಳಿಬಿಡುತ್ತೇನೆ.

ಮೊದಲು ಅಳತೆಗೋಲು

ಚಿಕಿತ್ಸೆಗಳನ್ನು ಹೋಲಿಸುವ ಮೊದಲು ನಿಮ್ಮನ್ನು ನೀವು ಅಳೆದುಕೊಳ್ಳಬೇಕು. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು ಬಲ. ನೋವಲ್ಲ, ಬಲ. ನೋವು ಎಷ್ಟೇ ಕಿರುಚಿದರೂ ಕೈಯಲ್ಲಿ ಬಲ ಇದ್ದರೆ ನಿಮಗೆ ಸಮಯ ಇದೆ. ನೋವು ಕಡಿಮೆಯಾಗಿ ಬಲ ಹೋಗುತ್ತಿದ್ದರೆ ಸಮಯ ಇಲ್ಲ. ‘ನೋವು ಹೋಯ್ತು ಸರ್, ಆದ್ರೆ ಲೋಟ ಜಾರುತ್ತೆ’ ಅನ್ನುವವರನ್ನು ಕಂಡರೆ ನನಗೆ ಭಯ.

ಮನೆಯಲ್ಲೇ ನೋಡಿಕೊಳ್ಳಬಹುದು. ಗೋಡೆಗೆ ಒಂದೊಂದೇ ಅಂಗೈ ಒತ್ತಿ ಮೊಣಕೈ ಬಗ್ಗಿಸಿ ತಳ್ಳಿ. ನೋವಿನ ಕಡೆಯ ಕೈ ಸೋತರೆ ಸಿ7. ನೀರು ತುಂಬಿದ ಚೊಂಬನ್ನು ಮಣಿಕಟ್ಟು ಎತ್ತಿ ಹಿಡಿಯಲಾಗದಿದ್ದರೆ ಸಿ6. ಬೀಗದ ಕೈ ತಿರುಗಿಸಲು ಆಗದಿದ್ದರೆ ಸಿ8. ವಾರಕ್ಕೊಮ್ಮೆ ನೋಡಿ ಬರೆದಿಡಿ. ನನಗೆ ಮೊದಲ ದಿನ ಶಾಲೆಯ ಗೇಟು ತಳ್ಳುವಾಗ ಬಲಗೈ ಸ್ವಲ್ಪ ಸೋಲುತ್ತಿತ್ತು. ಆದರೆ ಎರಡನೇ ವಾರಕ್ಕೆ ಅದು ಜಾಸ್ತಿಯಾಗಲಿಲ್ಲ, ನಾಲ್ಕನೇ ವಾರಕ್ಕೆ ಕಡಿಮೆಯಾಯಿತು. ನಾನು ಕಾಯಲು ಒಪ್ಪಿದ್ದಕ್ಕೆ ಆ ಗೇಟೇ ಕಾರಣ.

ಬಲ ಆದ ಮೇಲೆ ಕೇಳಿಕೊಳ್ಳಬೇಕಾದವು: ಎಷ್ಟು ವಾರವಾಯಿತು, ರಾತ್ರಿ ನಿದ್ದೆ ಬರುತ್ತಿದೆಯೇ, ಶುಗರ್ ಬಿಪಿ ಕಿಡ್ನಿ ಹೇಗಿವೆ, ನಿಮ್ಮ ಕೆಲಸ ಎಂಥದು, ಎಷ್ಟು ರಜೆ ಸಿಗುತ್ತದೆ, ಕೈಯಲ್ಲಿ ಎಷ್ಟು ದುಡ್ಡಿದೆ.

ಇವೆಲ್ಲಕ್ಕೂ ಮೀರಿದ ಒಂದು ಗುಂಪಿದೆ. ಅವರಿಗೆ ಈ ಹೋಲಿಕೆಯೇ ಅನ್ವಯಿಸುವುದಿಲ್ಲ. ಭಾವನ ಕಥೆ ಅದು. ಅವರಿಗೆ ಕೈ ನೋವು ಅಷ್ಟೇನೂ ಇರಲಿಲ್ಲ. ಅಂಗಿ ಗುಂಡಿ ಹಾಕಲು ತಡವಾಗುತ್ತಿತ್ತು. ಅಡಿಕೆ ಸುಲಿಯುವ ಕತ್ತಿಯ ಮುಂದೆ ಕೂತರೆ ಬೆರಳು ಮಾತು ಕೇಳುತ್ತಿರಲಿಲ್ಲ. ಒಂದು ಸಂಜೆ ತೋಟದಿಂದ ಬಂದವರ ಎಡಗಾಲಲ್ಲಿ ಚಪ್ಪಲಿ ಇರಲಿಲ್ಲ. ‘ಚಪ್ಪಲಿ ಎಲ್ಲಿ?’ ಅಂತ ಅಕ್ಕ ಕೇಳಿದಾಗಲೇ ಅವರು ಕಾಲು ನೋಡಿಕೊಂಡಿದ್ದು. ದಾರಿಯಲ್ಲಿ ಜಾರಿಹೋಗಿದ್ದು ಗೊತ್ತೇ ಆಗಿರಲಿಲ್ಲ. ಅಲ್ಲಿ ಒತ್ತಿಕೊಂಡಿದ್ದು ಕೈಗೆ ಹೋಗುವ ನರ ಮಾತ್ರ ಅಲ್ಲ, ಬೆನ್ನುಹುರಿಯೇ. ಕಾಲು ತಡವರಿಸುವುದು, ಎರಡೂ ಕೈ ಮರಗಟ್ಟುವುದು, ತಲೆ ಬಗ್ಗಿಸಿದರೆ ಬೆನ್ನುದ್ದಕ್ಕೂ ಕರೆಂಟ್ ಇಳಿಯುವುದು, ಮೂತ್ರದ ಹಿಡಿತ ತಪ್ಪುವುದು. ಇವುಗಳಲ್ಲಿ ಒಂದಿದ್ದರೂ ಎಣ್ಣೆ, ವ್ಯಾಯಾಮ ಅಂತ ಕೂರಬೇಡಿ. ತಡಮಾಡದೆ ನ್ಯೂರೋಸರ್ಜನ್ ಅಥವಾ ಸ್ಪೈನ್ ಸರ್ಜನ್ ಹತ್ತಿರ ಹೋಗಿ. ಬಿದ್ದು ಪೆಟ್ಟಾದ ಮೇಲೆ ಶುರುವಾದ ನೋವು, ಜ್ವರದ ಜೊತೆಗಿನ ನೋವು, ಕಾರಣವಿಲ್ಲದೆ ತೂಕ ಇಳಿಯುತ್ತಿರುವುದು, ಹಿಂದೆ ಕ್ಯಾನ್ಸರ್ ಆಗಿದ್ದವರು – ಇವರೂ ಅಷ್ಟೇ.

ಎಂಆರ್‌ಐ ಈಗಲೇ ಬೇಕಾ?

ಮೇಲಿನ ಗುಂಪಿಗೆ, ಬಲ ಕುಗ್ಗುತ್ತಿರುವವರಿಗೆ ಬೇಕೇ ಬೇಕು. ಉಳಿದವರು ನಾಲ್ಕಾರು ವಾರ ತಡೆಯಬಹುದು. ಜಪಾನಿನಲ್ಲಿ ಯಾವ ತೊಂದರೆಯೂ ಇಲ್ಲದ 1,211 ಜನರ ಕುತ್ತಿಗೆಗೆ ಎಂಆರ್‌ಐ ಮಾಡಿದ್ದರು. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 87.6% ಜನರಿಗೆ ಡಿಸ್ಕ್ ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೂ ಹೆಚ್ಚಿನವರಿಗೆ ಇತ್ತು. ಅಂದರೆ ರಿಪೋರ್ಟಿನಲ್ಲಿ ‘ಬಲ್ಜ್’ ಅಂತ ಕಂಡ ಕೂಡಲೇ ನೋವಿನ ಕಾರಣ ಸಿಕ್ಕಿತು ಅಂತಲ್ಲ. ನಿಮ್ಮ ಬೆರಳು ಹೇಳುವ ನರ ಮತ್ತು ಸ್ಕ್ಯಾನ್ ತೋರಿಸುವ ನರ ಒಂದೇ ಆಗಿರಬೇಕು, ಕಡೆಯೂ ಒಂದೇ ಆಗಿರಬೇಕು. ನನಗೆ ಖಾಸಗಿ ಸ್ಕ್ಯಾನ್ ಸೆಂಟರಿನಲ್ಲಿ 6,500 ರೂಪಾಯಿ ಆಯಿತು. ಆ ದುಡ್ಡಿನಲ್ಲಿ ತಿಂಗಳಿಗೂ ಹೆಚ್ಚು ಫಿಸಿಯೋ ಆಗುತ್ತಿತ್ತು. ಸ್ಕ್ಯಾನ್ ಆದ ಸಂಜೆಯೇ ಒಂದು ಆಸ್ಪತ್ರೆಯವರು ಫಿಲ್ಮನ್ನು ಬೆಳಕಿಗೆ ಹಿಡಿದು ‘ಸೋಮವಾರ ಅಡ್ಮಿಟ್ ಆಗಿ’ ಅಂದರು. ನನ್ನ ಕೈಯನ್ನು ಮುಟ್ಟಿ ನೋಡಿರಲಿಲ್ಲ. ಎದ್ದು ಬಂದೆ.

ಮಾತ್ರೆ ಮತ್ತು ಕಾಯುವಿಕೆ

ಅಗ್ಗದ ದಾರಿ. ಬಲ ಇದೆ, ನೋವು ತಡೆಯಬಹುದು, ಆರು ವಾರ ಆಗಿಲ್ಲ ಅನ್ನುವವರಿಗೆ ಇದೇ ಮೊದಲು. ಆದರೆ ಮಾತ್ರೆ ನರವನ್ನು ಬಿಡಿಸುವುದಿಲ್ಲ. ಅದು ಕಾಯುವ ಕಾಲವನ್ನು ಸಹ್ಯ ಮಾಡುತ್ತದೆ.

ಐಬುಪ್ರೊಫೆನ್, ನ್ಯಾಪ್ರಾಕ್ಸೆನ್, ಅಸೆಕ್ಲೊಫೆನ್ಯಾಕ್ ಬಗೆಯ ನೋವಿನ ಮಾತ್ರೆಗಳು ಒಂದು ವಾರ, ಹತ್ತು ದಿನಕ್ಕೆ ಸರಿ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ಹೃದಯದ ಕಾಯಿಲೆ ಇದ್ದವರಿಗೆ ಅಲ್ಲ. ಹಳೇ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಲ್ಲಿ ಮೂರು ತಿಂಗಳು ತೆಗೆದುಕೊಳ್ಳುವವರಿದ್ದಾರಲ್ಲ, ಕುತ್ತಿಗೆ ಉಳಿಸಿಕೊಳ್ಳಲು ಹೋಗಿ ಕಿಡ್ನಿ ಕಳೆದುಕೊಳ್ಳುವ ದಾರಿ ಅದು. ಕೆಲವು ಡಾಕ್ಟರುಗಳು ತೀರಾ ನೋವಿದ್ದಾಗ ನಾಲ್ಕೈದು ದಿನ ಸ್ಟೀರಾಯ್ಡ್ ಮಾತ್ರೆ ಕೊಡುತ್ತಾರೆ. ಕೆಲಸ ಮಾಡುತ್ತದೆ, ಆದರೆ ಶುಗರ್ ಏರುತ್ತದೆ.

ಪ್ರೆಗಾಬಲಿನ್, ಗ್ಯಾಬಪೆಂಟಿನ್ ನಮ್ಮಲ್ಲಿ ಈ ನೋವಿಗೆ ಧಾರಾಳವಾಗಿ ಬರೆದುಕೊಡುವ ಮಾತ್ರೆಗಳು. ನನಗೆ ರಾತ್ರಿ ನಿದ್ದೆ ಬಂತು, ಅದಕ್ಕೆ ಋಣಿ. ಆದರೆ ಬೆಳಗ್ಗೆ ಮೊದಲ ಪೀರಿಯಡ್‌ನಲ್ಲಿ ಏಳೆಂಟ್ಲಿ ಎಷ್ಟು ಅಂತ ತಡವರಿಸಿದೆ. ಕಾಲಿಗಿಳಿಯುವ ಇಂಥದೇ ನೋವಿಗೆ, ಅಂದರೆ ಸಯಾಟಿಕಾಗೆ, ಪ್ರೆಗಾಬಲಿನ್ ಕೊಟ್ಟು 2017ರಲ್ಲಿ ಆಸ್ಟ್ರೇಲಿಯಾದಲ್ಲಿ ಪರೀಕ್ಷಿಸಿದಾಗ ಸುಳ್ಳು ಮಾತ್ರೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಹಾಗಾಗಿ ಎರಡು ಮೂರು ವಾರದಲ್ಲಿ ಗುಣ ಕಾಣದಿದ್ದರೆ ಎಳೆದುಕೊಂಡು ಹೋಗುವುದರಲ್ಲಿ ಅರ್ಥವಿಲ್ಲ. ಬಿಡುವಾಗ ಡಾಕ್ಟರನ್ನು ಕೇಳಿ ನಿಧಾನ ಇಳಿಸಿ. ಬಸ್ಸು, ಲಾರಿ, ಆಟೋ ಓಡಿಸುವವರು, ಮರ ಹತ್ತುವವರು ಇದನ್ನು ತೆಗೆದುಕೊಳ್ಳುವ ಮುನ್ನ ತಮ್ಮ ಕೆಲಸ ಏನೆಂದು ಹೇಳಲೇಬೇಕು.

ಬಿ12 ಸೂಜಿ, ಮಾತ್ರೆ ಬಗ್ಗೆ ಒಂದೇ ಮಾತು. ಕೊರತೆ ಇದ್ದರೆ ಬೇಕು. ಸಸ್ಯಾಹಾರಿಗಳಲ್ಲಿ, ಮೆಟ್‌ಫಾರ್ಮಿನ್ ತೆಗೆದುಕೊಳ್ಳುವ ಶುಗರಿನವರಲ್ಲಿ ಕೊರತೆ ಸಾಮಾನ್ಯ. ಇಲ್ಲದಿದ್ದರೆ ಅದು ಒತ್ತಿದ ನರವನ್ನು ಬಿಡಿಸುವ ಔಷಧವಲ್ಲ.

ಕಾಯುವುದು ಅಂದರೆ ಸುಮ್ನೆ ಮಲಗುವುದಲ್ಲ. ಕುತ್ತಿಗೆ ಹಿಂದಕ್ಕೆ ಬಾಗಿದಾಗ ನರದ ಕಿಂಡಿ ಕಿರಿದಾಗುತ್ತದೆ. ಬೋರ್ಡಿನ ಮೇಲ್ತುದಿಯಲ್ಲಿ ಬರೆಯುವುದು, ಅಟ್ಟದಿಂದ ಡಬ್ಬಿ ತೆಗೆಯುವುದು, ಕ್ಷೌರದ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಹಾಕುವುದು, ಎಲ್ಲ ಬಿಟ್ಟೆ. ಆದರೂ ದಿನಕ್ಕೆ ಹತ್ತು ಸಲ ಕರೆಂಟ್ ಹೊಡೆಯುತ್ತಿತ್ತು. ಯಾವಾಗ ಅಂತ ಗಮನಿಸಿದರೆ, ನೀರು ಎತ್ತಿ ಕುಡಿಯುವಾಗ! ನಲವತ್ತೆಂಟು ವರ್ಷ ಲೋಟ ತುಟಿಗೆ ತಾಗಿಸದೆ ಬೆಳೆದವನು ಕಚ್ಚಿ ಕುಡಿಯಲು ಶುರುಮಾಡಿದೆ. ಅಮ್ಮ ‘ಎಂಜಲು’ ಅಂತ ಮುಖ ಸಿಂಡರಿಸಿ ನನ್ನ ಲೋಟ ಬೇರೆ ಇಟ್ಟರು. ದಿಂಬಿನದೂ ಅಷ್ಟೇ. ಎರಡು ದಿಂಬೂ ಬೇಡ, ದಿಂಬಿಲ್ಲದೆಯೂ ಬೇಡ. ಮಗ್ಗುಲಾಗಿ ಮಲಗಿದಾಗ ಕಿವಿ ಮತ್ತು ಭುಜದ ನಡುವಿನ ಸಂದು ತುಂಬುವಷ್ಟು ಎತ್ತರ ಸಾಕು. ಸಾವಿರಾರು ರೂಪಾಯಿಯ ದಿಂಬಿನ ಬದಲು ಮಡಚಿದ ಟವೆಲ್ಲೇ ನನಗೆ ಆಯಿತು.

ಕಾಲರ್ ಅಥವಾ ಫಿಸಿಯೋ

ಕುತ್ತಿಗೆ ಪಟ್ಟಿ ಹಾಕಿದರೆ ಮಾಂಸಖಂಡ ಸೊರಗುತ್ತದೆ, ಹಾಕಲೇಬಾರದು ಅನ್ನುವವರಿದ್ದಾರೆ. ತಿಂಗಳುಗಟ್ಟಲೆ ಹಾಕಿದರೆ ನಿಜ. ಆದರೆ ನೆದರ್‌ಲ್ಯಾಂಡ್ಸ್‌ನಲ್ಲಿ, ನೋವು ಶುರುವಾಗಿ ತಿಂಗಳೊಳಗಿದ್ದ 205 ಜನರನ್ನು ಮೂರು ಗುಂಪು ಮಾಡಿ ನೋಡಿದ್ದರು. ಒಂದು ಗುಂಪಿಗೆ ಅರೆಗಟ್ಟಿ ಕಾಲರ್ ಮತ್ತು ವಿಶ್ರಾಂತಿ. ಇನ್ನೊಂದಕ್ಕೆ ವಾರಕ್ಕೆರಡು ಸಲ ಫಿಸಿಯೋ, ಮನೆಯಲ್ಲಿ ವ್ಯಾಯಾಮ. ಮೂರನೆಯವರು ಎಂದಿನಂತೆ ಓಡಾಡಿಕೊಂಡು ಇರಬೇಕು. 2009ರಲ್ಲಿ ಫಲಿತಾಂಶ ಬಂತು. ಆರು ವಾರದ ಹೊತ್ತಿಗೆ ಕಾಲರ್ ಗುಂಪು, ಫಿಸಿಯೋ ಗುಂಪು ಎರಡೂ ಮೂರನೆಯದಕ್ಕಿಂತ ಚೆನ್ನಾಗಿದ್ದವು. ಆರು ತಿಂಗಳಿಗೆ ಮೂರೂ ಒಂದೇ.

ನನಗೆ ಇದರಲ್ಲಿ ಕಾಣುವುದು ಇಷ್ಟು. ಕೊನೆಗೆ ಎಲ್ಲರೂ ಒಂದೇ ದಡ ಸೇರುತ್ತಾರೆ. ದುಡ್ಡು, ಶ್ರಮ ಹಾಕುವುದು ಮೊದಲ ಒಂದೆರಡು ತಿಂಗಳು ಸುಲಭವಾಗಲಿ ಅಂತ. ಫಿಸಿಯೋಗೆ ವಾರಕ್ಕೆರಡು ದಿನ ಪೇಟೆಗೆ ಬರಲಾಗದ ಹಳ್ಳಿಯವರು ಕೀಳರಿಮೆ ಪಡಬೇಕಿಲ್ಲ. ಎರಡು ಮೂರು ವಾರ ಹಗಲು ಕಾಲರ್ ಹಾಕಿ, ಆಮೇಲೆ ಮೂರು ವಾರದಲ್ಲಿ ನಿಧಾನವಾಗಿ ಬಿಟ್ಟರೆ ಅದೂ ಒಂದು ಚಿಕಿತ್ಸೆಯೇ. ಕಾಲರ್ ಹಾಕಿ ಸ್ಕೂಟರ್ ಓಡಿಸಬೇಡಿ, ತಲೆ ತಿರುಗಿಸಿ ನೋಡಲಾಗುವುದಿಲ್ಲ.

ಆದರೂ ಆಯ್ಕೆ ಇದ್ದರೆ ನಾನು ಫಿಸಿಯೋ ಅನ್ನುತ್ತೇನೆ. ಕಾಲರ್ ಕಲಿಸದ್ದನ್ನು ಅದು ಕಲಿಸುತ್ತದೆ. ಗಲ್ಲವನ್ನು ಹಿಂದಕ್ಕೆಳೆದು ಜೋಡಿಗಲ್ಲ ಮಾಡುವುದು, ರೆಕ್ಕೆ ಮೂಳೆಗಳನ್ನು ಹತ್ತಿರ ತರುವುದು, ನರವನ್ನು ನಯವಾಗಿ ಜಾರಿಸುವ ಕೈ ಚಲನೆ. ಒಂದು ಗುರುತು ನೆನಪಿಡಿ. ವ್ಯಾಯಾಮ ಮಾಡಿದ ಮೇಲೆ ಬೆರಳಿನ ನೋವು ಮೊಣಕೈಗೆ, ಮೊಣಕೈಯದು ಭುಜಕ್ಕೆ ಹಿಂದೆ ಸರಿದರೆ ಒಳ್ಳೆಯದು, ಕುತ್ತಿಗೆ ಸ್ವಲ್ಪ ಜಾಸ್ತಿ ನೋಯುತ್ತಿದ್ದರೂ ಸರಿ. ನೋವು ಬೆರಳಿನ ಕಡೆಗೆ ಇಳಿಯುತ್ತಿದ್ದರೆ ಆ ವ್ಯಾಯಾಮ ನಿಲ್ಲಿಸಿ. ಫಿಸಿಯೋ ಸೆಂಟರಿಗೆ ಹೋಗಿ ಇಪ್ಪತ್ತು ನಿಮಿಷ ಶಾಖದ ಮಿಷನ್ನಿನ ಕೆಳಗೆ ಮಲಗಿಸಿ ಕಳಿಸಿದರೆ, ವ್ಯಾಯಾಮ ಹೇಳಿಕೊಡದಿದ್ದರೆ, ಬೇರೆಯವರನ್ನು ಹುಡುಕಿ. ನನ್ನ ಹನ್ನೆರಡು ಸಿಟ್ಟಿಂಗಿಗೆ ನಾನೂರರಂತೆ 4,800 ಆಯಿತು. ಆರು ಸಿಟ್ಟಿಂಗಿಗೇ ಎಲ್ಲ ಕಲಿತಿದ್ದೆ, ಉಳಿದದ್ದು ನನ್ನ ಸೋಮಾರಿತನಕ್ಕೆ ಕಟ್ಟಿದ ದಂಡ.

ಟ್ರ್ಯಾಕ್ಷನ್ ಅಂದರೆ ಗಲ್ಲಕ್ಕೆ ಪಟ್ಟಿ ಹಾಕಿ ತಲೆಯನ್ನು ಎಳೆಯುವುದು. ವ್ಯಾಯಾಮದ ಜೊತೆ ಕೆಲವರಿಗೆ ಚೆನ್ನಾಗಿ ಹಿಡಿಸುತ್ತದೆ. ಫಿಸಿಯೋದವರು ಕೈಯಲ್ಲಿ ತಲೆ ಎತ್ತಿ ಎಳೆದಾಗಲೇ ಹಾಯೆನಿಸಿದರೆ ಮಿಷನ್ನೂ ಒಗ್ಗಬಹುದು. ಸಂಧಿವಾತ, ಅಂದರೆ ರುಮಟಾಯ್ಡ್ ಇದ್ದವರಿಗೆ ಇದು ಅಪಾಯ. ಬೆನ್ನುಹುರಿ ಒತ್ತಿದವರಿಗೂ ಬೇಡ.

ಎಣ್ಣೆ, ಮಸಾಜು, ಲಟಕ್

ಆಯುರ್ವೇದದ ಗ್ರೀವಾ ಬಸ್ತಿ ಮಾಡಿಸಿಕೊಂಡವರು ನಮ್ಮ ಸ್ಟಾಫ್ ರೂಮಿನಲ್ಲೇ ಇಬ್ಬರಿದ್ದಾರೆ. ಉದ್ದಿನ ಹಿಟ್ಟಿನಲ್ಲಿ ಕುತ್ತಿಗೆಯ ಹಿಂದೆ ಕಟ್ಟೆ ಕಟ್ಟಿ, ಬೆಚ್ಚಗಿನ ಎಣ್ಣೆ ತುಂಬಿ, ಆರಿದಂತೆಲ್ಲ ಬದಲಿಸುತ್ತಾರೆ. ಮಾಂಸಖಂಡದ ಬಿಗಿತ ಸಡಿಲವಾಗುತ್ತದೆ, ಹಾಯೆನಿಸುತ್ತದೆ. ನರದ ಮೇಲಿನ ಒತ್ತಡ ಇದರಿಂದ ಹೋಗುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ. ಬಲ ಇರುವವರು, ಕಾಯುವ ಕಾಲದಲ್ಲಿ ಮಾಡಿಸಿಕೊಂಡರೆ ನನ್ನ ತಕರಾರಿಲ್ಲ. ಶುಗರಿನಿಂದ ಚರ್ಮದ ಸ್ಪರ್ಶ ಕಡಿಮೆಯಾದವರು ಎಣ್ಣೆಯ ಬಿಸಿಯನ್ನು ಬೇರೆಯವರಿಂದ ಮುಟ್ಟಿಸಿ ನೋಡಿಸಿ. ದುಡ್ಡು ಉಳಿಸಬೇಕಾದರೆ ಸರ್ಕಾರಿ ಆಯುರ್ವೇದ ಕಾಲೇಜು ಆಸ್ಪತ್ರೆಗಳನ್ನು ವಿಚಾರಿಸಿ. ಮೈಸೂರಿನದು 1908ರಿಂದ ಇದೆ.

ಕ್ಷೌರದಂಗಡಿಯಲ್ಲಿ ತಲೆ ತಿರುಚಿ ‘ಲಟಕ್’ ಅನ್ನಿಸುವುದು, ಫೋನಿನಲ್ಲಿ ಓಡಾಡುವ ವಿಡಿಯೋ ನೋಡಿ ಕುತ್ತಿಗೆ ಮುರಿಸಿಕೊಳ್ಳುವುದು ಮಾತ್ರ ಬೇಡವೇ ಬೇಡ. ಮಿದುಳಿಗೆ ಹೋಗುವ ರಕ್ತನಾಳವೊಂದು ಕುತ್ತಿಗೆ ಮೂಳೆಗಳ ತೂತುಗಳ ಮೂಲಕವೇ ಸಾಗುತ್ತದೆ. ಜೋರಾಗಿ ತಿರುಚಿದಾಗ ಅದರ ಒಳಪದರ ಹರಿದು ಪಾರ್ಶ್ವವಾಯು ಆಗಬಹುದು. ಅಪರೂಪ, ನಿಜ. ಆದರೆ ಲಟಕ್ ಸದ್ದಿನಿಂದ ಸಿಗುವ ಲಾಭಕ್ಕೆ ಅಷ್ಟು ಬೆಲೆ ಕೊಡಬೇಕಾ?

ಸೂಜಿ

ಇದನ್ನು ಯಾರಿಗೆ ಹೇಳುತ್ತೇನೆ ಅಂದರೆ: ಆರು ವಾರ ಮಾತ್ರೆ, ಫಿಸಿಯೋ ಎರಡೂ ಆಗಿದೆ, ಬಲ ಇದೆ, ಆದರೆ ರಾತ್ರಿ ಕೂತೇ ಬೆಳಗು ಮಾಡುತ್ತಿದ್ದೀರಿ. ಆಪರೇಷನ್ನಿಗೆ ಮನಸ್ಸಿಲ್ಲ, ಅಥವಾ ಹೃದಯ, ಕಿಡ್ನಿ ಕಾರಣದಿಂದ ಆಗುವುದಿಲ್ಲ. ಎಕ್ಸ್‌ರೇ ಪರದೆ ನೋಡುತ್ತಾ ಅಥವಾ ಅಲ್ಟ್ರಾಸೌಂಡ್ ಸಹಾಯದಿಂದ ನರದ ಹತ್ತಿರ ಸ್ಟೀರಾಯ್ಡ್ ಬಿಡುತ್ತಾರೆ. ಬೆಳಗ್ಗೆ ಹೋಗಿ ಸಂಜೆ ಮನೆಗೆ. ಹಿಡಿದರೆ ಕೆಲವು ವಾರದಿಂದ ಕೆಲವು ತಿಂಗಳು ಆರಾಮ. ಅಷ್ಟರಲ್ಲಿ ದೇಹ ತನ್ನ ಕೆಲಸ ಮಾಡಿಕೊಳ್ಳುತ್ತದೆ ಅನ್ನುವುದೇ ಲೆಕ್ಕಾಚಾರ. ಇನ್ನೊಂದು ಉಪಯೋಗವೂ ಇದೆ. ಸ್ಕ್ಯಾನಿನಲ್ಲಿ ಎರಡು ನರ ಒತ್ತಿದಂತೆ ಕಂಡರೆ, ಒಂದನ್ನು ಮರಗಟ್ಟಿಸಿ ನೋಡಿ ತಪ್ಪಿತಸ್ಥ ಯಾರೆಂದು ಪತ್ತೆ ಮಾಡಬಹುದು.

ಸೊಂಟದ ಸೂಜಿಯಷ್ಟು ಸಲೀಸಲ್ಲ ಇದು. ಸುತ್ತ ಮಿದುಳಿಗೆ, ಬೆನ್ನುಹುರಿಗೆ ಹೋಗುವ ರಕ್ತನಾಳಗಳಿವೆ. ಬೆನ್ನುಮೂಳೆಗೆ ಕೊಡುವ ಸ್ಟೀರಾಯ್ಡ್ ಸೂಜಿಯಿಂದ ಅಪರೂಪಕ್ಕೆ ದೃಷ್ಟಿ ನಷ್ಟ, ಪಾರ್ಶ್ವವಾಯು, ಸಾವು ಕೂಡ ಆಗಿವೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಎಚ್ಚರಿಸಿತು. ಹಾಗಾಗಿ ಎರಡು ಪ್ರಶ್ನೆ ಕೇಳಿ. ಪರದೆ ನೋಡಿಕೊಂಡೇ ಕೊಡುತ್ತೀರಾ? ಕಣವಿಲ್ಲದ ಸ್ಟೀರಾಯ್ಡ್, ಅಂದರೆ ಡೆಕ್ಸಾಮೆಥಾಸೋನ್ ಬಳಸುತ್ತೀರಾ? ಕಣವಿರುವ ಬಗೆ ರಕ್ತನಾಳಕ್ಕೆ ಸೇರಿದರೆ ಅದನ್ನು ಕಟ್ಟಿಬಿಡಬಹುದು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಿ. ಶುಗರಿನವರಿಗೆ ಕೆಲವು ದಿನ ಶುಗರ್ ಮೇಲೇರುತ್ತದೆ. ‘ಮೂರು ಸೂಜಿಯ ಪ್ಯಾಕೇಜ್, ಮುಂಗಡ ಕಟ್ಟಿ’ ಅಂದರೆ ಒಪ್ಪಬೇಡಿ. ಒಂದು ಕೊಟ್ಟು ನೋಡಿ, ಲಾಭ ಕಂಡರೆ ಮಾತ್ರ ಇನ್ನೊಂದರ ಮಾತು.

ಆಪರೇಷನ್

ಬಲ ಕುಗ್ಗುತ್ತಿದ್ದರೆ, ಬೆನ್ನುಹುರಿ ಒತ್ತಿದ್ದರೆ ಇದೇ ಮೊದಲ ಆಯ್ಕೆ. ಇಲ್ಲದಿದ್ದರೆ, ಆರರಿಂದ ಹನ್ನೆರಡು ವಾರ ಉಳಿದದ್ದೆಲ್ಲ ಮಾಡಿಯೂ ಕೈ ನೋವು ಬಿಡದಿದ್ದರೆ. ‘ಕೈ ನೋವು’ ಅಂದದ್ದನ್ನು ಗಮನಿಸಿ. ಆಪರೇಷನ್ ಚೆನ್ನಾಗಿ ತೆಗೆಯುವುದು ಕೈಗಿಳಿಯುವ ನೋವನ್ನು. ಬರೀ ಕುತ್ತಿಗೆ ನೋವಿಗೆ ಮಾಡಿಸಿಕೊಂಡವರು ನಿರಾಶರಾಗುವುದೇ ಜಾಸ್ತಿ.

ಸ್ವೀಡನ್ನಿನಲ್ಲಿ 63 ಜನರಲ್ಲಿ ಅರ್ಧದಷ್ಟು ಜನರಿಗೆ ಆಪರೇಷನ್ ಜೊತೆ ಫಿಸಿಯೋ, ಉಳಿದವರಿಗೆ ಫಿಸಿಯೋ ಮಾತ್ರ ಕೊಟ್ಟಿದ್ದರು. 2013ರ ವರದಿಯ ಪ್ರಕಾರ ಆಪರೇಷನ್ ಆದವರು ಮೊದಲ ವರ್ಷ ಬೇಗ ಚೇತರಿಸಿಕೊಂಡರು. ಎರಡು ವರ್ಷದ ಹೊತ್ತಿಗೆ ಅಂತರ ಕಿರಿದಾಗಿತ್ತು. ಬೇಗ ಬೇಕೋ, ಕತ್ತಿ ತಾಗದಿರುವುದು ಬೇಕೋ – ಬಲ ಇರುವವರಿಗೆ ಪ್ರಶ್ನೆ ಇದೇ.

ಬಗೆಗಳು ಮೂರು. ಒಂದು, ಕುತ್ತಿಗೆಯ ಮುಂಭಾಗದಿಂದ ಹೋಗಿ ಡಿಸ್ಕ್ ತೆಗೆದು ಎರಡು ಮೂಳೆಗಳನ್ನು ಬೆಸೆಯುವುದು. 1950ರ ದಶಕದಿಂದ ನಡೆದುಬಂದ, ಸರ್ಜನ್ನುಗಳ ಕೈ ಪಳಗಿದ ದಾರಿ. ಭಾವನಿಗೆ ಮಾಡಿದ್ದು ಇದೇ. ಚರ್ಮದ ಮಡಿಕೆಯಲ್ಲೇ ಕೊಯ್ದಿದ್ದರಿಂದ ಈಗ ಗುರುತು ಹುಡುಕಬೇಕು. ಎರಡು ವಾರ ಧ್ವನಿ ಗೊಗ್ಗರಾಗಿತ್ತು, ಗಂಜಿ ನುಂಗಲೂ ಕಷ್ಟಪಟ್ಟರು. ಹೆಚ್ಚಿನವರಿಗೆ ಇದು ತಾನಾಗಿ ಸರಿಹೋಗುತ್ತದೆ. ಕೊರತೆ ಏನೆಂದರೆ, ಒಂದು ಕೀಲು ಬೆಸೆದರೆ ಮೇಲಿನ, ಕೆಳಗಿನ ಕೀಲುಗಳಿಗೆ ಕೆಲಸ ಜಾಸ್ತಿ. 1999ರಲ್ಲಿ ಬಂದ ಒಂದು ಹೆಸರಾಂತ ಅಧ್ಯಯನದ ಅಂದಾಜಿನಲ್ಲಿ, ಹತ್ತು ವರ್ಷದೊಳಗೆ ಸುಮಾರು ಕಾಲು ಭಾಗ ಜನರಿಗೆ ಪಕ್ಕದ ಕೀಲಿನಲ್ಲಿ ಹೊಸ ತೊಂದರೆ ಬರಬಹುದು. ಅದು ಬೆಸೆದದ್ದರಿಂದಲೋ, ವಯಸ್ಸಿನಿಂದಲೋ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಬೀಡಿ, ಸಿಗರೇಟು ಸೇದುವವರಿಗೆ ಮೂಳೆ ಬೆಸೆಯುವುದೇ ತಡ. ಭಾವ ಎಲೆಯಡಿಕೆ ಬಿಡಲಿಲ್ಲ, ಬೀಡಿ ಬಿಟ್ಟರು.

ಎರಡು, ಅದೇ ದಾರಿಯಲ್ಲಿ ಹೋಗಿ ಕೃತಕ ಡಿಸ್ಕ್ ಕೂರಿಸುವುದು. ಅಮೆರಿಕದಲ್ಲಿ 2007ರಲ್ಲಿ ಮೊದಲು ಒಪ್ಪಿಗೆ ಸಿಕ್ಕಿತು. ಕುತ್ತಿಗೆಯ ಚಲನೆ ಉಳಿಯುತ್ತದೆ. ವಯಸ್ಸು ಕಡಿಮೆ, ಸವೆತ ಕಡಿಮೆ, ಒಂದೆರಡು ಡಿಸ್ಕ್ ಮಾತ್ರ ಹಾಳಾಗಿದೆ ಅನ್ನುವವರಿಗೆ ಒಪ್ಪುತ್ತದೆ. ಬಿಡಿಭಾಗ ದುಬಾರಿ. ಅರವತ್ತೈದರ ಸವೆದ ಕುತ್ತಿಗೆಗೆ ‘ಲೇಟೆಸ್ಟ್’ ಅಂತ ಇದನ್ನು ಮಾರಲು ಬಂದರೆ ಇನ್ನೊಬ್ಬರನ್ನು ಕೇಳಿ.

ಮೂರು, ಹಿಂದಿನಿಂದ ಹೋಗಿ ಕಿಂಡಿಯನ್ನು ಮಾತ್ರ ಸ್ವಲ್ಪ ಅಗಲ ಮಾಡುವುದು. ಒಳಗೆ ಏನೂ ಕೂರಿಸುವುದಿಲ್ಲ, ಕೀಲು ಉಳಿಯುತ್ತದೆ, ಖರ್ಚೂ ಕಡಿಮೆ. ಹಿಂದಿನ ಮಾಂಸಖಂಡ ಬಿಡಿಸುವುದರಿಂದ ಕೆಲವು ದಿನ ಕುತ್ತಿಗೆ ನೋವು ಜಾಸ್ತಿ. ಒತ್ತಡ ಪಕ್ಕದಲ್ಲಿ, ಕಿಂಡಿಯಲ್ಲೇ ಇದ್ದವರಿಗೆ ಮಾತ್ರ. ಹಾಡುಗಾರರು, ದಿನವಿಡೀ ಪಾಠ ಮಾಡುವವರು ಇದರ ಬಗ್ಗೆ ಕೇಳಿ ನೋಡಬಹುದು, ಧ್ವನಿಯ ನರದ ಹತ್ತಿರ ಹೋಗುವುದಿಲ್ಲ. ನನಗೆ ಆಪರೇಷನ್ ಬೇಕಾಗಿದ್ದರೆ ನಾನು ಮೊದಲು ಕೇಳುತ್ತಿದ್ದದ್ದು ಇದನ್ನೇ.

ಮೂರರಲ್ಲೂ ಮೊದಲು ಹೋಗುವುದು ನೋವು, ಆಮೇಲೆ ಬಲ ಬರುತ್ತದೆ, ಕೊನೆಗೆ ಹೋಗುವುದು ಜೋಮು. ಬೆನ್ನುಹುರಿ ಒತ್ತಿದವರಲ್ಲಿ ಆಪರೇಷನ್ನಿನ ಗುರಿ ಮುಂದೆ ಕೆಡದಂತೆ ತಡೆಯುವುದು. ಭಾವನ ಚಪ್ಪಲಿ ಈಗ ಜಾರುವುದಿಲ್ಲ. ಅಡಿಕೆ ಸುಲಿಯುವ ಕೈ ಮಾತ್ರ ಹಳೆಯ ವೇಗಕ್ಕೆ ಬರಲಿಲ್ಲ. ಆರು ತಿಂಗಳು ಮೊದಲೇ ಹೋಗಿದ್ದರೆ ಅಂತ ಅಕ್ಕ ಈಗಲೂ ಅನ್ನುತ್ತಾಳೆ.

ದುಡ್ಡಿನ ಲೆಕ್ಕ, ಅದರೊಳಗಿನ ಸೋಜಿಗ

ಭಾವನ ಬಿಲ್ಲು ಖಾಸಗಿಯಲ್ಲಿ 2 ಲಕ್ಷ 40 ಸಾವಿರ. ನನ್ನದೆಲ್ಲ ಸೇರಿ ಹದಿನೈದು ಸಾವಿರ ದಾಟಲಿಲ್ಲ. ಆದರೆ ಜೇಬಿನಿಂದ ಹೋದದ್ದು? ಭಾವನದು ಪೂರ್ತಿ ವಿಮೆಯಲ್ಲಿ ಹೋಯಿತು, ನನ್ನದು ಪೂರ್ತಿ ನಾನೇ ಕೊಟ್ಟೆ. ನಮ್ಮ ಹೆಚ್ಚಿನ ಆರೋಗ್ಯ ವಿಮೆಗಳು ಅಡ್ಮಿಟ್ ಆದರೆ ಮಾತ್ರ ದುಡ್ಡು ಕೊಡುತ್ತವೆ. ಫಿಸಿಯೋ, ಮಾತ್ರೆ ನಿಮ್ಮ ಖರ್ಚು. ಹಾಗಾಗಿ ಕತ್ತಿ ‘ಫ್ರೀ’, ವ್ಯಾಯಾಮ ‘ದುಬಾರಿ’ ಅನ್ನಿಸಿಬಿಡುತ್ತದೆ. ವಿಮೆ ಇದೆ ಅನ್ನುವ ಕಾರಣಕ್ಕೆ ಆಪರೇಷನ್ ಆಯ್ದುಕೊಂಡವರನ್ನು ನಾನು ನೋಡಿದ್ದೇನೆ. ಎಷ್ಟೋ ಪಾಲಿಸಿಗಳಲ್ಲಿ ಡಿಸ್ಕ್ ತೊಂದರೆಗೆ ಮೊದಲೆರಡು ವರ್ಷ ದುಡ್ಡು ಬರುವುದಿಲ್ಲ, ಅದನ್ನೂ ಮೊದಲೇ ಓದಿಕೊಳ್ಳಿ.

ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30%, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಚೀಟಿ ಪಡೆಯಬೇಕು. ಖಾಸಗಿಯಲ್ಲಿ ಅಡ್ಮಿಟ್ ಆದ ಮೇಲೆ ಓಡಾಡಿದರೆ ಕಷ್ಟ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನ್ಯೂರೋಸರ್ಜರಿ ವಿಭಾಗ ಇದೆ. ಸರದಿ ಉದ್ದ, ಬೆಳಗಿನ ಜಾವವೇ ಹೋಗಿ ನಿಲ್ಲಬೇಕು. ಆದರೆ ಎರಡನೇ ಅಭಿಪ್ರಾಯಕ್ಕೆ ಅದಕ್ಕಿಂತ ಅಗ್ಗದ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ನನ್ನ ಫೋನಿಗೆ ಬಂದ ಮೂವರು

ಬೆಂಗಳೂರಿನ ಐಟಿ ಹುಡುಗಿ, 31 ವರ್ಷ. ಹೆಬ್ಬೆರಳು ಜೋಮು, ಮೂರು ವಾರ, ಬಲ ಸರಿ. ‘ಕೃತಕ ಡಿಸ್ಕ್ ಹಾಕಿಸ್ಲಾ?’ ಅಂದಳು. ಹತ್ತು ದಿನ ಮಾತ್ರೆ, ಆರು ವಾರ ಫಿಸಿಯೋ ಆಗಲಿ, ಲ್ಯಾಪ್‌ಟಾಪ್ ಕಣ್ಣಿನ ಎತ್ತರಕ್ಕೆ ಬರಲಿ, ಆಮೇಲೆ ಮಾತಾಡೋಣ ಅಂದೆ.

ನಮ್ಮ ಚಿಕ್ಕಮ್ಮ, 63. ಶುಗರ್, ಕಿಡ್ನಿ ಸ್ವಲ್ಪ ಹೊಡೆತ ತಿಂದಿದೆ. ನಾಲ್ಕು ತಿಂಗಳಿನಿಂದ ರಾತ್ರಿ ನಿದ್ದೆ ಇಲ್ಲ, ಬಲ ಇದೆ. ನೋವಿನ ಮಾತ್ರೆ ಅವರಿಗೆ ವಿಷ. ಶುಗರ್ ಹಿಡಿತಕ್ಕೆ ತಂದುಕೊಂಡು ಒಂದು ಸೂಜಿ ನೋಡಿ, ಅದೂ ಆಗದಿದ್ದರೆ ಸರ್ಜನ್ ಹತ್ತಿರ ಕೂತು ಮಾತಾಡಿ ಅಂದೆ. ಸೂಜಿ ಹಿಡಿಯಿತು.

ಪೇಂಟ್ ಕೆಲಸದ ರಮೇಶಣ್ಣನದೇ ಕಷ್ಟ. ದಿನಗೂಲಿ, ತಲೆಯೆತ್ತಿ ಚಾವಣಿಗೆ ಬಣ್ಣ ಹೊಡೆಯುವ ಕೆಲಸ. ‘ಆರು ವಾರ ಕೂತ್ರೆ ಮನೆ ನಡೆಯೋದು ಹೆಂಗೆ ಸಾರ್?’ ಅವರಿಗೆ ಕಾಯುವುದೇ ಎಲ್ಲಕ್ಕಿಂತ ದುಬಾರಿ ಚಿಕಿತ್ಸೆ. ಚಾವಣಿ ಬಿಟ್ಟು ಗೋಡೆ, ಕಿಟಕಿ ಮಾತ್ರ ಕೊಡುವಂತೆ ಮೇಸ್ತ್ರಿಯ ಹತ್ತಿರ ಮಾತಾಡಿದೆವು. ಮೂರು ವಾರ ಕಾಲರ್. ಪ್ರೆಗಾಬಲಿನ್ ಬೇಡ ಅಂತ ಡಾಕ್ಟರಿಗೆ ತಾವೇ ಹೇಳಿದರು, ಏಣಿ ಹತ್ತಬೇಕಲ್ಲ. ಇದರಲ್ಲಿ ಆಗದಿದ್ದರೆ ಬಿಪಿಎಲ್ ಕಾರ್ಡಿನಲ್ಲಿ ಆಪರೇಷನ್ ಮಾಡಿಸಿಕೊಂಡು ಬೇಗ ಕೆಲಸಕ್ಕೆ ಮರಳುವುದೇ ಅವರಿಗೆ ಒಳ್ಳೆಯದಿರಬಹುದು. ಬಲ ಸರಿಯಿದ್ದರೂ ಸಹ. ಸಂಬಳದ ರಜೆ ಇರುವ ನಾನು ಅವರಿಗೆ ತಾಳ್ಮೆಯ ಪಾಠ ಹೇಳುವುದು ಸುಲಭ.

ನನ್ನದು ಪೂರ್ತಿ ಇಳಿಯಲು ಐದು ತಿಂಗಳು ಹಿಡಿಯಿತು. ಗೇಟು ಈಗ ಒಂದೇ ಕೈಯಲ್ಲಿ ತಳ್ಳುತ್ತೇನೆ. ನಡುಬೆರಳಿನ ತುದಿಯಲ್ಲಿ ಸೀಮೆಸುಣ್ಣ ಮಾತ್ರ ಇನ್ನೂ ಸ್ವಲ್ಪ ದೂರದಲ್ಲಿದ್ದ ಹಾಗೆ ಅನಿಸುತ್ತದೆ. ನೀರು ಎತ್ತಿ ಕುಡಿದರೂ ಈಗ ಏನೂ ಆಗುವುದಿಲ್ಲ. ಆದರೆ ಅಮ್ಮ ನನ್ನ ಲೋಟವನ್ನು ಇನ್ನೂ ಬೇರೆಯೇ ಇಡುತ್ತಾರೆ.